ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚೇ?

ಕೆಲವು ವಾರಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಮನೆ ಮುಂದೆ ಒಂದು ಪಿಕಪ್ ಬಂದು ನಿಂತಿತು. ಇಳಿದವನು ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು ಈಗ ಸಾಲ ಮಾಡಿ ಸ್ವಂತ ಗಾಡಿ ಕೊಂಡಿದ್ದಾನೆ. ಸುಗ್ಗಿಯಲ್ಲಿ ಹಳ್ಳಿಗಳಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ, ಉಳಿದ ದಿನಗಳಲ್ಲಿ ಹಾವೇರಿ, ರಾಣೆಬೆನ್ನೂರಿಗೆ ಗೋವಿನಜೋಳ, ಹತ್ತಿ, ಏನು ಸಿಕ್ಕರೆ ಅದು. ಜೊತೆಗೆ ಅವನ ತಂದೆಯೂ ಇದ್ದರು. ಅವರು ಬ್ಯಾಡಗಿ ಪೇಟೆಯಲ್ಲಿ ಬಹಳ ವರ್ಷಗಳಿಂದ ಹಮಾಲಿ ಮಾಡುವವರು.

"ಸರ, ಗಾಡಿಗೆ ಬ್ಯಾರೆ ಸೈಲೆನ್ಸರ್ ಹಾಕಸ್ಬೇಕಂತ ಮಾಡೇನ್ರಿ. ಭಾರೀ ಸೌಂಡ್ ಬರೂದು. ಎರಡು ಮೂರು ನಮೂನಿ ಅದಾವ್ರಿ. ಯಾವ್ದು ಚಲೋ ಹೇಳ್ರಿ" ಎಂದ.

"ಈಗಿರೋದಕ್ಕ ಏನಾಗೈತೋ ತಮ್ಮಾ?"

"ಏನೂ ಆಗಿಲ್ರಿ. ಸೌಂಡ್ ಇಲ್ರಿ, ಅಷ್ಟ."

ತಂದೆ ತಲೆ ಅಲ್ಲಾಡಿಸಿದರು. "ಗಾಡಿ ಸಾಲ ಇನ್ನೂ ಹರದಿಲ್ರಿ ಸರ. ಇಂವಗ ಸದ್ದು ಬೇಕಾಗೈತಿ. ನೀವರ ಹೇಳ್ರಿ."

ನಾನು ಬೈಯಲಿಲ್ಲ. ಅವನ ಆಸೆ ನನಗೆ ಅರ್ಥವಾಗುತ್ತದೆ. ದೀಪಾವಳಿ ಮುಗಿದ ಮೇಲೆ ನಮ್ಮ ಹಾವೇರಿ ಸೀಮೆಯಲ್ಲಿ ಹೋರಿ ಹಬ್ಬ ನೋಡಿದವರಿಗೆಲ್ಲ ಅರ್ಥವಾಗುತ್ತದೆ. ಹೋರಿಗೆ ಕೊಬ್ಬರಿ ಸರ, ಬಲೂನು, ಕೊರಳಿಗೆ ಗೆಜ್ಜೆ. ತನ್ನದು ಬರುತ್ತಿದೆ ಎಂದರೆ ಊರಿಗೆ ಗೊತ್ತಾಗಬೇಕು! ಹಿಂದೆ ಹೋರಿಗೆ ಇದ್ದ ಆ ಅಭಿಮಾನ ಈಗ ಗಾಡಿಗೂ ಬಂದಿದೆ. ಆದರೆ ಹುಡುಗ ಅಭಿಮಾನದ ಮಾತನ್ನಷ್ಟೇ ಆಡಲಿಲ್ಲ. ಇನ್ನೂ ಮೂರು ಕಾರಣ ಕೊಟ್ಟ. ಸದ್ದಿನ ಸೈಲೆನ್ಸರ್ ಹಾಕಿದರೆ ಪುಲ್ಲಿಂಗ್ ಹೆಚ್ಚುತ್ತದೆ, ಮೈಲೇಜ್ ಬರುತ್ತದೆ, ಜನ ದೂರದಿಂದಲೇ ಕೇಳಿ ಪಕ್ಕಕ್ಕೆ ಸರಿಯುತ್ತಾರೆ. ಈ ಮೂರೂ ವಿಜ್ಞಾನದ ಮಾತುಗಳು. ವಿಜ್ಞಾನದ ಮಾಸ್ತರ ಉತ್ತರ ಕೊಡಲೇಬೇಕಲ್ಲ!

ಡಬ್ಬಿಯೊಳಗೆ ಏನಿದೆ?

ವಿದ್ಯಾರ್ಥಿಗಳೇ, ಅಂಗಡಿಯಿಂದ ತಂದ ಕಾಗದದ ಚೀಲಕ್ಕೆ ಗಾಳಿ ಊದಿ, ಬಾಯಿ ಬಿಗಿಹಿಡಿದು, ಅಂಗೈಯಿಂದ ಹೊಡೆಯಿರಿ. 'ಢಬ್' ಎನ್ನುತ್ತದೆ. ಇನ್ನೊಂದು ಚೀಲಕ್ಕೆ ಅಷ್ಟೇ ಗಾಳಿ ಊದಿ, ಬಾಯಿ ಸಡಿಲಿಸಿ ನಿಧಾನವಾಗಿ ಹೊರಬಿಡಿ. 'ಫುಸ್' ಎನ್ನುತ್ತದೆ, ಅಷ್ಟೆ. ಗಾಳಿ ಅಷ್ಟೇ, ಚೀಲವೂ ಅದೇ. ಒಮ್ಮೆಲೇ ನುಗ್ಗಿದರೆ ಸದ್ದು, ಸಾವಕಾಶವಾಗಿ ಹೋದರೆ ಮೌನ. ಸೈಲೆನ್ಸರಿನ ತತ್ತ್ವ ಇಷ್ಟೇ.

ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನ ಉರಿದ ಮೇಲೆ ಹೊರಗಂಡಿ ತೆರೆಯುತ್ತದೆ. ನೂರಾರು ಡಿಗ್ರಿ ಬಿಸಿಯ, ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡದ ಹೊಗೆ ಒಮ್ಮೆಲೇ ಹೊರಗೆ ಚಿಮ್ಮುತ್ತದೆ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 30 ಸುತ್ತು. ಸುತ್ತಿಗೆ ಎರಡು ಸಲ ಉರಿಯುವುದರಿಂದ ಸೆಕೆಂಡಿಗೆ 60 'ಢಬ್'. ಎರಡೇ ಸಿಲಿಂಡರಿನ ಚಿಕ್ಕ ಗಾಡಿಯಲ್ಲಿ ಇದರ ಅರ್ಧ, 30. ಕಣ್ಣು ಮುಚ್ಚಿಕೊಂಡೇ ಯಾವ ಗಾಡಿ ಬಂತೆಂದು ಹೇಳುವ ಹುಡುಗರು ಈ ವ್ಯತ್ಯಾಸವನ್ನೂ ಹಿಡಿದೇ ಹೇಳುವುದು.

ಈ 'ಢಬ್'ಗಳನ್ನು 'ಫುಸ್' ಮಾಡುವುದು ಆ ತಗಡಿನ ಡಬ್ಬಿಯ ಕೆಲಸ. ಒಳಗೆ ಕೋಣೆಗಳಿವೆ, ತೂತು ಕೊರೆದ ಕೊಳವೆಗಳಿವೆ. ಕಿರಿದಾದ ಕೊಳವೆಯಿಂದ ಅಗಲವಾದ ಕೋಣೆಗೆ ಬಂದ ಒತ್ತಡದ ಅಲೆಯಲ್ಲಿ ಒಂದಷ್ಟು ಗೋಡೆಗೆ ಬಡಿದು ಹಿಂದಿರುಗುತ್ತದೆ. ಹಿಂದಿರುಗಿದ ಅಲೆಯ ತಗ್ಗು ಮುಂದೆ ಬರುವ ಅಲೆಯ ಉಬ್ಬಿನ ಮೇಲೆ ಬಿದ್ದರೆ ಎರಡೂ ಅಡಗುತ್ತವೆ. ಕೆಲವು ಸೈಲೆನ್ಸರುಗಳಲ್ಲಿ ಒಂದೇ ಕುತ್ತಿಗೆಯ ಕೋಣೆ ಇರುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದಲ್ಲ, ಅದೇ ತತ್ತ್ವ. 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇಂಥ ಕೋಣೆಗಳನ್ನು ಸ್ವರ ಗುರುತಿಸಲು ಬಳಸಿದ. ಎಂಜಿನಿಯರರು ಅದನ್ನೇ ಬೇಡದ ಸ್ವರ ನುಂಗಲು ಬಳಸುತ್ತಾರೆ.

ಪೇಟೆಯಲ್ಲಿ ಸಿಗುವ 'ಸೌಂಡ್' ಸೈಲೆನ್ಸರಿನಲ್ಲಿ ಈ ಕೋಣೆಗಳಿಲ್ಲ. ನೇರ ಕೊಳವೆ, ಸುತ್ತ ಗಾಜಿನ ಹತ್ತಿ. ಹತ್ತಿ ಕೀಚಲು ಸದ್ದನ್ನು ಹೀರುತ್ತದೆ, ದಪ್ಪ ದನಿಯ 'ಡಬ್ ಡಬ್' ಅನ್ನು ಬಿಟ್ಟುಬಿಡುತ್ತದೆ. ದಿನ ಕಳೆದಂತೆ ಆ ಹತ್ತಿಯೂ ಬಿಸಿಗೆ ಪುಡಿಯಾಗಿ ಹಾರಿಹೋಗುತ್ತದೆ. ಇನ್ನು ಕೆಲವರು ಇದ್ದ ಡಬ್ಬಿಯನ್ನೇ ಕತ್ತರಿಸಿ, ಒಳಗಿನದನ್ನೆಲ್ಲ ತೆಗೆದು, ಮತ್ತೆ ವೆಲ್ಡ್ ಮಾಡಿಸುತ್ತಾರೆ. ಹೊರಗಿನಿಂದ ನೋಡಿದರೆ ಸೈಲೆನ್ಸರ್, ಒಳಗೆ ಬರೀ ಡೋಲು.

ಒಂದು ವ್ಯಾಟ್‌ನ ಆರ್ಭಟ

ಈಗ ಹುಡುಗನ ಮೊದಲ ಮಾತು, ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚು ಎಂಬುದು. ಲೆಕ್ಕ ಮಾಡೋಣ.

70 ಅಶ್ವಶಕ್ತಿಯ ಎಂಜಿನ್ ಎಂದರೆ ಸುಮಾರು 52,000 ವ್ಯಾಟ್. ಸೈಲೆನ್ಸರಿನ ಬಾಯಿಯಿಂದ ಒಂದು ಮೀಟರ್ ದೂರದಲ್ಲಿ 110 ಡೆಸಿಬಲ್ ಸದ್ದು ಇದೆ ಎನ್ನಿ. ಕಿವಿ ಮುಚ್ಚಿಕೊಳ್ಳುವಷ್ಟು ಅಬ್ಬರ ಅದು. ಆ ಸದ್ದು ಸುತ್ತಲೂ ಹರಡಿದ್ದನ್ನೆಲ್ಲ ಕೂಡಿಸಿದರೂ ಶಕ್ತಿ ಸುಮಾರು ಒಂದು ವ್ಯಾಟ್, ಅಷ್ಟೆ. ದೇವರ ಜಗುಲಿಯ ಮೇಲಿನ ಪುಟ್ಟ ಎಲ್‌ಇಡಿ ದೀಪದಷ್ಟು! ಊರನ್ನೆಲ್ಲ ಎಬ್ಬಿಸುವ ಆರ್ಭಟಕ್ಕೆ ಎಂಜಿನ್ನಿನ ಐವತ್ತು ಸಾವಿರದಲ್ಲಿ ಸುಮಾರು ಒಂದು ಪಾಲು ಸಾಕು. ನಮ್ಮ ಕಿವಿ ಅಷ್ಟು ಸೂಕ್ಷ್ಮ. ಆದ್ದರಿಂದಲೇ ಅದು ಮೋಸವನ್ನೂ ಹೋಗುತ್ತದೆ. ಸದ್ದು ಹೆಚ್ಚಿದಾಗ ಗಾಡಿ ಓಡಿದಂತೆ ತೋರುತ್ತದೆ, ಸ್ಪೀಡೋಮೀಟರಿನ ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ.

ಹೊಗೆಗೆ ಅಡ್ಡಿ ಕಡಿಮೆಯಾದರೆ ಎಂಜಿನ್ನಿಗೆ ಹಗುರವಾಗುವುದು ನಿಜ. ರೇಸ್ ಕಾರುಗಳಲ್ಲಿ ಅದಕ್ಕೆ ಬೆಲೆಯಿದೆ. ಏಕೆಂದರೆ ಅವು ಸದಾ ಅತಿ ವೇಗದ ಸುತ್ತುಗಳಲ್ಲೇ ಇರುತ್ತವೆ. ಮೋಟೆಬೆನ್ನೂರು ಕ್ರಾಸ್ ದಾಟಿ ಬ್ಯಾಡಗಿ ಕಡೆಗೆ ಚೀಲ ಹೇರಿಕೊಂಡು ಹೋಗುವ ಪಿಕಪ್ಪಿನ ದುಡಿಮೆ ಇರುವುದು ಕಡಿಮೆ ಸುತ್ತಿನಲ್ಲಿ. ಅಲ್ಲಿ ಲಾಭ ಸಿಗುವುದಿಲ್ಲ. ಇನ್ನು 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧಮಾಡುವ ಸಾಧನಗಳೂ ಸೆನ್ಸರುಗಳೂ ಅದೇ ಕೊಳವೆಯ ದಾರಿಯಲ್ಲಿವೆ. ಅವನ್ನು ಕತ್ತರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ. ಕೆಲವೊಮ್ಮೆ ಎಂಜಿನ್ ತಾನಾಗಿಯೇ ತನ್ನ ಬಲ ಕುಗ್ಗಿಸಿಕೊಳ್ಳುತ್ತದೆ. ಪುಲ್ಲಿಂಗ್ ಬೇಕೆಂದು ಹಾಕಿಸಿದ್ದು ಇದ್ದ ಪುಲ್ಲಿಂಗನ್ನೂ ಕಳೆದಂತಾಯಿತು.

ಮೈಲೇಜಿನ ಮಾತಿಗೆ ನನ್ನ ಸ್ವಂತ ಅನುಭವವಿದೆ. ಹೇಳಲು ಸ್ವಲ್ಪ ನಾಚಿಕೆ. 1994ರಲ್ಲಿ, ಈ ಊರುಗಳೆಲ್ಲ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, ನಾನು ಒಂದು ಹಳೆಯ ಯೆಜ್ಡಿ ಕೊಂಡಿದ್ದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ, ಎರಡು ಸೈಲೆನ್ಸರಿನ ಗಾಡಿ. ಹೊಸದಾಗಿ ಮಾಸ್ತರನಾಗಿದ್ದೆ, ವಯಸ್ಸೂ ಇತ್ತು. ಎರಡೂ ಸೈಲೆನ್ಸರಿನ ಒಳಗೊಳವೆ ಕಿತ್ತು ಅಟ್ಟದ ಮೇಲೆ ಹಾಕಿದೆ. ಸದ್ದೇನೋ ಬಂತು. ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿತು, ಪೆಟ್ರೋಲ್ ಹೆಚ್ಚು ಕುಡಿಯಿತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರಿನಿಂದ ಹಿಂದಿರುಗುವ ಅಲೆಯೇ ಉರಿಯದ ಪೆಟ್ರೋಲನ್ನು ಹೊರಹೋಗದಂತೆ ಒಳಗೆ ತಳ್ಳುತ್ತದೆ ಎಂದು ಆಮೇಲೆ ಓದಿ ತಿಳಿದೆ. ಬಿಎಸ್ಸಿ ಓದಿದವನಿಗೆ ಮೊದಲೇ ಹೊಳೆಯಬೇಕಿತ್ತು! ಅದಕ್ಕಿಂತ ದೊಡ್ಡ ಪಾಠ ಹೆದ್ದಾರಿಯಲ್ಲಿ ಸಿಕ್ಕಿತು. ಒಂದು ಸಂಜೆ ಬಲಕ್ಕೆ ತಿರುಗಿದೆ. ಹಿಂದಿನ ಲಾರಿಯವನು ಹಾರ್ನ್ ಹಾಕುತ್ತಲೇ ಬಂದಿದ್ದನಂತೆ, ನನಗೆ ಕೇಳಲೇ ಇಲ್ಲ. ಲಾರಿ ನನ್ನ ಮೊಣಕೈ ಸವರುವಂತೆ ಹೋಯಿತು. ಮರುದಿನವೇ ಅಟ್ಟ ಹತ್ತಿದೆ.

ನೂರು ಗಾಡಿಗಳ ಸದ್ದು

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ತಲೆಯಾಡಿಸಿದ, ಆದರೆ ಒಪ್ಪಿದಂತೆ ಕಾಣಲಿಲ್ಲ. ಪಾಠ ಹೇಳುವವರಿಗೆ ಆ ತಲೆಯಾಡಿಸುವಿಕೆ ಚೆನ್ನಾಗಿ ಗೊತ್ತು. "ನಡಿ, ಪ್ರಯೋಗ ಮಾಡಿ ನೋಡೋಣು" ಎಂದೆ. ಅವನ ಗೆಳೆಯನೊಬ್ಬನ ಬಳಿ ಅದೇ ಮಾದರಿಯ ಗಾಡಿಯಿತ್ತು, ಸೌಂಡ್ ಸೈಲೆನ್ಸರ್ ಹಾಕಿಸಿದ್ದು. ಸಂಜೆ ಊರ ಹೊರಗಿನ ಬಯಲಿಗೆ ಎರಡನ್ನೂ ತರಿಸಿದೆವು.

ಮೊದಲು ಮೊಬೈಲಿನ ಆ್ಯಪ್ ಹಿಡಿದು, ಒಂದೇ ದೂರದಲ್ಲಿ ನಿಂತು, ಎರಡರ ಸದ್ದನ್ನೂ ಅಳೆದೆವು. ಇಂಥ ಆ್ಯಪ್ ಪೂರ್ತಿ ನಿಖರವಲ್ಲ, ಹೋಲಿಕೆಗೆ ಸಾಕು. ಅಂತರ ಸುಮಾರು 20 ಡೆಸಿಬಲ್ ಬಂತು. "ಇಪ್ಪತ್ತ ಏನ್ರಿ?" ಎಂದ ಗೆಳೆಯ.

ವಿದ್ಯಾರ್ಥಿಗಳೇ, ಇಲ್ಲಿ ಎಚ್ಚರ. ಡೆಸಿಬಲ್ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 10 ಡೆಸಿಬಲ್ ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, 20 ಹೆಚ್ಚಿದರೆ ನೂರು ಪಟ್ಟು. ಅಂದರೆ ಅವನದೊಂದು ಗಾಡಿಯ ಸದ್ದಿಗೆ ಸಾಟಿಯಾಗಲು ಸೈಲೆನ್ಸರ್ ಸರಿಯಿರುವ ನೂರು ಪಿಕಪ್‌ಗಳು ಒಂದೇ ಕಡೆ ನಿಲ್ಲಬೇಕು. ಪೇಟೆಯ ದಿನ ಬ್ಯಾಡಗಿ ಮಾರುಕಟ್ಟೆಯ ಗೇಟಿನ ಮುಂದಿನ ಸಾಲನ್ನು ನೆನೆಸಿಕೊಳ್ಳಿ. ಆ ಸಾಲಿನ ಸದ್ದೆಲ್ಲ ಒಂದೇ ಗಾಡಿಯಲ್ಲಿ ಕೂತು ನಿಮ್ಮ ಓಣಿಗೆ ಬಂದಂತೆ!

ಎರಡನೆಯ ಪ್ರಯೋಗವೇ ಮುಖ್ಯವಾದದ್ದು. ಪೇಟೆಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದನ್ನು ನೀವು ನೋಡಿರಬಹುದು. ಮೆಣಸಿನಕಾಯಿ ಹಗುರ, ಗಾತ್ರ ದೊಡ್ಡದು. ಚೀಲಗಳನ್ನು ಎತ್ತರಕ್ಕೆ ಹೇರಿರುವುದರಿಂದ ಕ್ಯಾಬಿನ್ನಿನ ಹಿಂದಿನ ಗಾಜಿನಲ್ಲಿ ಏನೂ ಕಾಣದು. ಹಿಂದೆ ನಿಂತ ಹಮಾಲರು "ಬರ್ಲಿ, ಬರ್ಲಿ... ಸಾಕ್!" ಎಂದು ಕೂಗುತ್ತಾರೆ. ಡ್ರೈವರ್ ಆ ದನಿ ನಂಬಿಯೇ ಗಾಡಿ ಬಿಡುತ್ತಾನೆ.

ಹುಡುಗನನ್ನು ಅವನದೇ ಗಾಡಿಯಲ್ಲಿ ಕೂರಿಸಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಗಿ, ಕಿಟಕಿ ತೆರೆದದ್ದು, ಎಂಜಿನ್ನಿಗೆ ಹಿಂದಕ್ಕೆ ತೆಗೆಯುವಾಗ ಕೊಡುವಷ್ಟು ಎಕ್ಸಲರೇಟರ್. ಅವನು ಮುಂದೆ ನೋಡುತ್ತಿರಬೇಕು, ತಂದೆಯ "ಸಾಕ್" ಕೇಳಿದ ಕೂಡಲೇ ಕೈ ಎತ್ತಬೇಕು. ತಂದೆ ಹಿಂದಿನಿಂದ, ಅರವತ್ತು ಹೆಜ್ಜೆ ದೂರದಿಂದ, ಕೂಗುತ್ತ ಬಂದರು. ಮೂವತ್ತು ಹೆಜ್ಜೆ ಇರುವಾಗ ಕೈ ಮೇಲೆದ್ದಿತು. ಆಮೇಲೆ ಗೆಳೆಯನ ಗಾಡಿಯಲ್ಲಿ ಕೂರಿಸಿದೆ. ತಂದೆ ಮತ್ತೆ ಕೂಗುತ್ತ ಬಂದರು. ಮೂವತ್ತು, ಇಪ್ಪತ್ತು, ಹತ್ತು. ಕೈ ಏಳಲಿಲ್ಲ. ಐದು ಹೆಜ್ಜೆ ಉಳಿದಾಗ ಎದ್ದಿತು.

ಹುಡುಗ ಇಳಿದು ಬಂದು ತಂದೆ ನಿಂತ ಜಾಗ ನೋಡಿದ. ಅಲ್ಲಿಂದ ಗಾಡಿಯ ಹಿಂದಿನ ಹಲಗೆಗೆ ಎಷ್ಟು ದೂರ ಎಂದು ನೋಡಿದ. ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಕಳೆದುಹೋಗುವ ಅಕ್ಷರಗಳು

ಅವನ ಮೂರನೆಯ ಮಾತಿಗೂ ಉತ್ತರ ಇಲ್ಲೇ ಸಿಕ್ಕಿತು. ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಅದು ಎಚ್ಚರಿಸುವುದು ಗಾಡಿ ದಾಟಿ ಬಂದ ಜನರನ್ನು. ಇಕ್ಕಟ್ಟಾದ ರಸ್ತೆಯಲ್ಲಿ ಸದ್ದು ಎರಡೂ ಕಡೆಯ ಗೋಡೆಗೆ ಬಡಿದು ಬರುವುದರಿಂದ ಯಾವ ಕಡೆಯಿಂದ ಬಂತೆಂದೇ ತಿಳಿಯುವುದಿಲ್ಲ. ಮುಂದಿನವರನ್ನು ಎಚ್ಚರಿಸಲು ಮುಂದೆಯೇ ಹಾರ್ನ್ ಇದೆ.

ಇನ್ನು ಡ್ರೈವರನ ಕಿವಿ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಅಂಗವಿದೆ ಎಂದು ಪಾಠದಲ್ಲಿ ಓದಿದ್ದೀರಿ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ಕೂದಲುಳ್ಳ ಜೀವಕೋಶಗಳಿವೆ. ಹುಟ್ಟುವಾಗ ಬಂದಷ್ಟೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ತಜ್ಞರು ಹಾಕಿದ ಗಡಿ. ಮೂರು ಡೆಸಿಬಲ್ ಏರಿದಂತೆಲ್ಲ ಆ ಸಮಯ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. ದಿನವಿಡೀ ಗಾಡಿಯಲ್ಲೇ ಇರುವವನ ಪಾಡು ನೀವೇ ಲೆಕ್ಕ ಹಾಕಿ.

ಮೊದಲು ಸಾಯುವುದು ಕೀಚಲು ದನಿ ಹಿಡಿಯುವ ಕೋಶಗಳು. ನಮ್ಮ ಮಾತಿನಲ್ಲಿ 'ಅ, ಆ, ಓ' ಮುಂತಾದ ಸ್ವರಗಳು ದಪ್ಪ ದನಿಯವು. 'ಸ, ಶ, ಚ, ಕ, ತ' ತೆಳು ದನಿಯವು. ಆದ್ದರಿಂದ ಕಿವಿ ಕೆಟ್ಟವನಿಗೆ ಯಾರೋ ಮಾತಾಡುತ್ತಿದ್ದಾರೆ ಎಂದು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ. ಕಾಲು, ಸಾಲು, ಹಾಲು ಎಲ್ಲ ಒಂದೇ ಆಗುತ್ತವೆ. "ಸಾಕ್" ಎಂಬ ಮಾತಿನ ಎರಡು ವ್ಯಂಜನಗಳೂ ಆ ತೆಳು ದನಿಯವೇ ಎಂಬುದನ್ನು ಗಮನಿಸಿ.

ಪಾಲಕರೇ, ಇದು ಡ್ರೈವರನೊಬ್ಬನ ವಿಷಯವಲ್ಲ. ಮೆಣಸಿನಕಾಯಿ ಸುಗ್ಗಿಯೂ ಎಸ್ಸೆಸ್ಸೆಲ್ಸಿ ಓದಿನ ದಿನಗಳೂ ನಮ್ಮಲ್ಲಿ ಒಟ್ಟಿಗೇ ಬರುತ್ತವೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು. ಹಾಗಾಗಿ ಮೇಲಕ್ಕೆ ಹೋದ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಹಗಲು ಕೇಳದ ಹೆದ್ದಾರಿಯ ಸದ್ದು ರಾತ್ರಿ ಹಳ್ಳಿಯ ಮನೆಯೊಳಗೆ ಕೇಳುವುದು ಇದರಿಂದಲೇ. ದಪ್ಪ ದನಿಯ ಸದ್ದಿಗೆ ಗೋಡೆಯೂ ಹೆಚ್ಚು ತಡೆಯೊಡ್ಡದು. ಓದುವ ಮಗು, ತೊಟ್ಟಿಲ ಕೂಸು, ಕಾಯಿಲೆಯ ಮುದುಕರು ಎಲ್ಲರಿಗೂ ಅದು ತಲುಪುತ್ತದೆ.

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. ಹೊಗೆಯ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಪ್ರತಿ ವಾಹನಕ್ಕೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸದ್ದಿನ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಲ್ಲಿ, 2019ರ ತಿದ್ದುಪಡಿಯಂತೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಲೈಸೆನ್ಸ್ ಮೂರು ತಿಂಗಳು ಅನರ್ಹವಾಗುತ್ತದೆ. ಸಾಲದ ಕಂತು ಕಟ್ಟುವವನಿಗೆ ಮೂರು ತಿಂಗಳು ಗಾಡಿ ಓಡಿಸದೆ ಕೂರುವುದು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ.

ಹಾಗಾದರೆ ಯಾವುದು ಕೊಳ್ಳಬೇಕು?

ಸೈಲೆನ್ಸರ್ ನಿಜಕ್ಕೂ ಕೆಟ್ಟಿದ್ದರೆ ಬದಲಿಸಲೇಬೇಕು. ಅದು ಹೊರಗಿನ ಮಳೆಗಿಂತ ಒಳಗಿನ ನೀರಿನಿಂದ ಬೇಗ ತುಕ್ಕು ಹಿಡಿಯುತ್ತದೆ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಹತ್ತಿರ ಹತ್ತಿರ ಓಡಾಡುವ ಗಾಡಿಯ ಡಬ್ಬಿ ಪೂರ್ತಿ ಬಿಸಿಯಾಗದೆ ಆ ಆವಿ ಅಲ್ಲೇ ನೀರಾಗಿ ನಿಲ್ಲುತ್ತದೆ. ಕೆಲವು ಡಬ್ಬಿಗಳ ತಳದಲ್ಲಿ ನೀರು ಸೋರಲೆಂದೇ ಸಣ್ಣ ತೂತು ಇಟ್ಟಿರುತ್ತಾರೆ. ಕೆಟ್ಟಿದೆಯೆಂದು ಅದನ್ನು ಮುಚ್ಚಿಸಬೇಡಿ.

ಹೊಸದು ಕೊಳ್ಳುವಾಗ ನಿಮ್ಮ ಗಾಡಿಯ ಮಾದರಿಗೇ ಹೊಂದುವ ಸೈಲೆನ್ಸರ್ ಕೇಳಿ. ಕೊಳವೆಯ ಅಗಲ ಹಳೆಯದರಷ್ಟೇ ಇರಲಿ. ವೆಲ್ಡಿಂಗ್ ಸುತ್ತಲೂ ಬಿದ್ದಿದೆಯೇ, ಅಲ್ಲಲ್ಲಿ ಚುಕ್ಕೆಯಿಟ್ಟು ಬಿಟ್ಟಿದ್ದಾರೆಯೇ ನೋಡಿ. ಜೋಡಣೆಯ ಗ್ಯಾಸ್ಕೆಟ್, ತೂಗುಹಾಕುವ ರಬ್ಬರ್ ಹೊಸವು ಹಾಕಿಸಿ. ಕೂಡಿದ ಜಾಗದಲ್ಲಿ ಹೊಗೆ ಸೋರಿದರೆ ಅದು ಕ್ಯಾಬಿನ್ನಿಗೆ ಬರಬಹುದು. ಅದರಲ್ಲಿ ವಾಸನೆಯಿಲ್ಲದ, ಜೀವಕ್ಕೆ ಅಪಾಯವಾದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಿಲ್ಲು ತೆಗೆದುಕೊಳ್ಳಿ. ಕೊನೆಯ ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇದ್ದಾಗ ಗಾಡಿಯ ಹಿಂದೆ ನಿಂತವರ ಮಾತು ಡ್ರೈವರನಿಗೆ ಕೇಳಬೇಕು.

ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಬಣ್ಣಕ್ಕೇ ಬೆಲೆ, ಆ ಬಣ್ಣಕ್ಕೇ ದೇಶವಿದೇಶದಲ್ಲಿ ಹೆಸರು. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಬಂತು. ಸೌಂಡ್ ಸೈಲೆನ್ಸರಿಗೂ ಖಾರವಿಲ್ಲ, ಬರೀ ಬಣ್ಣ. ಆದರೆ ಆ ಬಣ್ಣವನ್ನು ಯಾವ ಪೇಟೆಯಲ್ಲೂ ಯಾರೂ ಕೊಳ್ಳುವುದಿಲ್ಲ.

ಮೊನ್ನೆ ಹುಡುಗನ ತಂದೆ ಫೋನ್ ಮಾಡಿದ್ದರು. "ಸೈಲೆನ್ಸರ್ ಹಾಕಸ್ಲಿಲ್ರಿ ಸರ. ಹಿಂದಿನ ಹಲಗಿ ಮ್ಯಾಲ ಹೋರಿ ಚಿತ್ರಾ ಬರಿಸ್ಯಾನ್ರಿ, ಭಾರೀ ಕೊಂಬಿಂದು" ಎಂದು ನಕ್ಕರು. ಬರೆಸಲಿ. ಚಿತ್ರ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಅವನ ಗೆಳೆಯ ಮಾತ್ರ ಇನ್ನೂ ತನ್ನದನ್ನು ಬದಲಿಸಿಲ್ಲವಂತೆ. ಈ ವಾರದ ಪಾಠ ಅವನ ಮನೆಗೂ ತಲುಪಲಿ.

ಮಾಡಿ ನೋಡಿ: ಒಂದೇ ಅಳತೆಯ ಮೂರು ಬಾಟಲಿಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ, ಬಾಯಿಗೆ ಅಡ್ಡವಾಗಿ ಊದಿರಿ. ಯಾವುದರ ದನಿ ದಪ್ಪ, ಯಾವುದರದು ತೆಳು? ಏಕೆ? ಪಿಕಪ್ಪಿನ ದಪ್ಪ ದನಿಯನ್ನು ನುಂಗಬೇಕಾದರೆ ಸೈಲೆನ್ಸರಿನೊಳಗಿನ ಕೋಣೆ ದೊಡ್ಡದಿರಬೇಕೋ ಚಿಕ್ಕದಿರಬೇಕೋ? ಯೋಚಿಸಿ, ಮನೆಯವರಿಗೂ ವಿವರಿಸಿ.